ಎಡಗಿವಿಯ ಕಚ್ಚು

ಮಾನ್ವಿ

ವಿದೇಶಕ್ಕೆ ಹೋಗಿ ಬಂದವರು ಮೊದಲು ಅಲ್ಲಿನ ಎತ್ತರದ ಕಟ್ಟಡಗಳ ಮಾತು ಎತ್ತುತ್ತಾರೆ. ನಾನು ಹೋದದ್ದು ಒಂದು ತಗಡಿನ ಡಬ್ಬಿಯ ಅಂಚು ನೋಡಲು. ಹಾಗಾಗಿ ಈ ಬರಹದಲ್ಲಿ ಕಟ್ಟಡಗಳು ಕಡಿಮೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಾನ್ವಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಟೀಚರು. ರಜೆ ಕೇಳಲು ಹೋದಾಗ ನಮ್ಮ ಹೆಡ್‌ಮಾಸ್ತರರು ಕನ್ನಡಕ ತೆಗೆದು ನನ್ನ ಮುಖವನ್ನೇ ನೋಡಿದರು.

“ಡಬ್ಬಿ ನೋಡಾಕ ಸಮುದ್ರ ದಾಟ್ತೀರೇನ್ರೀ ಮಲ್ಲಮ್ಮ ಟೀಚರ್? ನಮ್ಮ ಬಜಾರದಾಗ ಬೇಕಾದಷ್ಟು ಸಿಗ್ತಾವಲ್ರೀ.”

“ಬಜಾರದಾಗಿನ ಡಬ್ಬಿ ನಮ್ಮವ್ವನ ಕುಂಕುಮದ ಬಗ್ಗಿ ಏನೂ ಹೇಳಂಗಿಲ್ರೀ ಸರ್” ಎಂದೆ. ಸಂಗತಿ ಅವರಿಗೆ ಗೊತ್ತಿತ್ತು. ರಜೆಯ ಅರ್ಜಿಗೆ ಸಹಿ ಹಾಕಿದರು.

ನಿಮಗೆ ಗೊತ್ತಿರಲಾರದು, ಹೇಳುತ್ತೇನೆ. ನಮ್ಮವ್ವನ ಗಂಡ ಬೀರಪ್ಪ ದೇವದುರ್ಗದ ಕಡೆಯ ಕುರಿಗಾರ. ನಾನಿನ್ನೂ ಅವ್ವನ ಹೊಟ್ಟೆಯಲ್ಲಿದ್ದಾಗ ಕುರಿ ಮಾರಲು ಹೈದರಾಬಾದಿಗೆ ಹೋದವನು ಖಾಕಿ ತೊಟ್ಟು ಮನೆಗೆ ಬಂದ. ನಿಜಾಮರ ಪಲ್ಟನ್ನಿಗೆ ಸೇರಿದ್ದ. ಕೆಲವೇ ದಿನ ಇದ್ದು ಹೊರಟುಹೋದ. ಆಮೇಲೆ ಪಲ್ಟನ್ನು ಹಡಗು ಹತ್ತಿ ಮಲಾಯಾಕ್ಕೆ ಹೋಯಿತು. ಅಲ್ಲಿ ಜಪಾನಿನವರ ಯುದ್ಧ ಬಿತ್ತು. ಅಲ್ಲಿಗೆ ಸುದ್ದಿ ನಿಂತಿತು. ಸತ್ತ ಎಂದು ಹೇಳುವವರೂ ಬರಲಿಲ್ಲ, ಇದ್ದಾನೆ ಎಂದು ಹೇಳುವವರೂ ಬರಲಿಲ್ಲ. ಮುಖ ಕಾಣದ ಮನುಷ್ಯನನ್ನು ಏನೆಂದು ಕರೆಯಬೇಕೋ ನನಗೆ ತಿಳಿಯುತ್ತಿರಲಿಲ್ಲ. ಚಿಕ್ಕಂದಿನಿಂದಲೂ ‘ಅವ್ವನ ಗಂಡ’ ಎಂದೇ ರೂಢಿಯಾಗಿತ್ತು.

ನಲವತ್ತು ವರ್ಷ ಅವ್ವ ಹಣೆಯ ತುಂಬ ಕುಂಕುಮ, ಕೈತುಂಬ ಹಸಿರು ಬಳೆ ಇಟ್ಟುಕೊಂಡೇ ಇದ್ದಳು. ಪ್ರಾಯದಲ್ಲಿದ್ದಾಗ ಅವಳ ಅಣ್ಣಂದಿರು ಇನ್ನೊಬ್ಬನಿಗೆ ಉಡಿಕೆ ಮಾಡಿಕೊಡುತ್ತೇವೆಂದರು. ನಮ್ಮಲ್ಲಿ ಗಂಡ ಸತ್ತವಳು ಮತ್ತೊಂದು ಮದುವೆಯಾಗಲು ಅಡ್ಡಿಯಿಲ್ಲ. ಅವ್ವ ಒಪ್ಪಲಿಲ್ಲ. “ಸತ್ತ ಸುದ್ದಿ ತಂದು ಕೊಡ್ರಿ, ಆಮ್ಯಾಲ ನೋಡೋಣ” ಎಂದಳಂತೆ. ಸುದ್ದಿ ಎಲ್ಲಿಂದ ತರುತ್ತಾರೆ? ಹೀಗಾಗಿ ಅವ್ವ ಮುತ್ತೈದೆಯೋ ಅಲ್ಲವೋ ಎಂಬುದು ಯಾರಿಗೂ ಇತ್ಯರ್ಥವಾಗಲಿಲ್ಲ. ಮಾನ್ವಿಯಲ್ಲಿ ನಾವು ಮನೆ ಮಾಡಿದ ಮೇಲೂ ಅಷ್ಟೇ. ಕೆಲವರು ಉಡಿ ತುಂಬಲು ಕರೆಯುತ್ತಿದ್ದರು, ಕೆಲವರು ನಮ್ಮ ಬಾಗಿಲು ಬಂದಾಗ ಬೇರೆ ಕಡೆ ನೋಡುತ್ತ ಮುಂದೆ ಹೋಗುತ್ತಿದ್ದರು. ಒಂದು ಮದುವೆಮನೆಯಲ್ಲಿ ಯಾರೋ ಮುದುಕಿ ಅವ್ವನ ಕೈಯಿಂದ ಅರಿಷಿಣದ ತಟ್ಟೆ ಇಸಿದುಕೊಂಡು ಇನ್ನೊಬ್ಬಳಿಗೆ ಕೊಟ್ಟಳು. ಅವ್ವ ಅಲ್ಲಿ ನಗುತ್ತಲೇ ಇದ್ದಳು. ಮನೆಗೆ ಬಂದ ಮೇಲೆ ಊಟ ಮಾಡಲಿಲ್ಲ.

“ನಾ ಸತ್ತ್ರ ಬಳಿ ಹಾಕಿ ಕಳಸ್ತೀರೋ, ಒಡದು ಕಳಸ್ತೀರೋ? ಅಷ್ಟರೆ ಗೊತ್ತಾಗಬೇಕಲ್ಲವ್ವಾ” ಎಂದು ಒಮ್ಮೆ ಕೇಳಿದಳು. ನಾನು ಊರಿಗೆಲ್ಲ ಪಾಠ ಹೇಳುವವಳು. ಅವಳ ಮುಂದೆ ಮಕ್ಕಳ ನೋಟ್‌ಬುಕ್ಕು ತೆರೆದು ತಿದ್ದತೊಡಗಿದೆ.

ರಾಯಚೂರು

ಡಬ್ಬಿಯ ಸುದ್ದಿ ತಂದವರು ರಾಯಚೂರಿನ ಶರಣಪ್ಪ ಸಾಹುಕಾರರು. ಅವರದು ಅಕ್ಕಿ ಗಿರಣಿ. ಬತ್ತದ ಸಿಪ್ಪೆ ಬಿಡಿಸುವ ಯಂತ್ರಕ್ಕೆ ರಬ್ಬರಿನ ಉರುಳೆ ಬೇಕು, ಒಳ್ಳೆಯ ರಬ್ಬರು ಮಲೇಷಿಯಾದ್ದು ಎಂದು ನೋಡಲು ಹೋಗಿದ್ದರು. ಆ ದೇಶದ ಮೂಡಣ ತುದಿಯಲ್ಲಿ ಕೋಟ ಬಾರು ಎಂಬ ಊರು. ಅಲ್ಲಿ ಹಳೆಯ ದಂಡಿನ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಸಿಪಾಯಿಗಳು ಉಣ್ಣುವ ಡಬ್ಬಿ ಕಂಡರಂತೆ. ಅದರ ಮೈಮೇಲೆ ಮೊಳೆಯಿಂದ ಗೀರಿದ ಉರ್ದು ಅಕ್ಷರ. ನಿಜಾಮರ ಕಾಲದಲ್ಲಿ ಉರ್ದು ಶಾಲೆ ಕಲಿತ ಸಾಹುಕಾರರು ಓದಿದರು. ‘ದೇವದುರ್ಗ’ ಎಂದಿತ್ತು.

“ಎದಿ ಝಲ್ ಅಂತ್ರೀ ಟೀಚರ್” ಎಂದರು ಗಿರಣಿಯ ಗದ್ದುಗೆಯ ಮೇಲೆ ಕುಳಿತು. “ಇಲ್ಲೇ ಬಾಜೂಕಿನ ಊರು. ಅಷ್ಟು ದೂರ ಹೋಗಿ ಕುಂತದ. ಬಂದವನ ದೇವದುರ್ಗಕ್ಕ ಹೋಗಿ ಕೇಳಿದೆ, ಯಾರ್ಯಾರು ದಂಡಿಗಿ ಹೋಗಿ ಬರಲಿಲ್ಲ ಅಂತ. ಮೂರು ನಾಕು ಮಂದಿ ಹೆಸರು ಹೇಳಿದ್ರು. ಅದ್ರಾಗ ನಿಮ್ಮವರೂ ಒಬ್ರು.”

ಪಕ್ಕದಲ್ಲಿ ಕುಳಿತಿದ್ದ ಅವ್ವ ಸೆರಗು ಸರಿಮಾಡಿಕೊಂಡಳು. “ಯಪ್ಪಾ, ಅಂಚಿಗಿ ಕಚ್ಚು ಇದ್ವೇನ್ರೀ?”

“ಕಚ್ಚು? ನಾ ನೋಡಲಿಲ್ಲ ಬಿಡಬೇ ಯವ್ವಾ. ಅಕ್ಷರ ನೋಡೂದ್ರಾಗ ಮೈಮರತೆ.”

ಅಕ್ಷರ ಬಲ್ಲವರ ಪಾಡೇ ಇಷ್ಟು. ನಮ್ಮ ಮಂದಿಗೆ ಗುರುತೆಂದರೆ ಕಚ್ಚು. ಹತ್ತು ಮನೆಯ ಕುರಿ ಒಂದೇ ಬಯಲಲ್ಲಿ ಮೇಯುವಾಗ ಕಲೆತುಹೋಗುತ್ತವೆ. ಅದಕ್ಕಾಗಿ ಒಂದೊಂದು ಮನೆತನ ಮರಿಯ ಕಿವಿಗೆ ಒಂದೊಂದು ಬಗೆಯಲ್ಲಿ ಕಚ್ಚು ಹಾಕುತ್ತದೆ. ಬೀರಪ್ಪನ ಮನೆಯದು ಬಲಗಿವಿಗೆ ಎರಡು ಕಚ್ಚು, ಎಡಗಿವಿ ಇಡಿಯದು. ಅವನಿಗೆ ಓದು ಬರುತ್ತಿರಲಿಲ್ಲ. ತನ್ನ ಕೋಲು, ಸೋರೆಬುರುಡೆ, ಉಣ್ಣುವ ಗಂಗಾಳ ಎಲ್ಲದರ ಅಂಚಿಗೂ ಈ ಎರಡು ಕಚ್ಚು ಕೊರೆಯುವ ಚಾಳಿ ಇತ್ತಂತೆ. ದಂಡಿನವರು ಹೊಸ ಡಬ್ಬಿ ಕೊಟ್ಟರೆ ಸುಮ್ಮನಿರುವ ಜೀವವಲ್ಲ ಅದು ಎಂದು ಅವ್ವನ ನಂಬಿಕೆ. ಡಬ್ಬಿಗೆ ಒಂದು ಹಿಡಿಕೆ ಇತ್ತಂತೆ; ಅವ್ವನ ಲೆಕ್ಕದಲ್ಲಿ ಹಿಡಿಕೆ ಎಂದರೆ ಕುರಿಯ ಮೂತಿ. ಹಿಡಿಕೆಯ ಬಲಕ್ಕೆ ಬಲಗಿವಿ, ಎಡಕ್ಕೆ ಎಡಗಿವಿ. ಬಲಕ್ಕೆ ಎರಡು ಕಚ್ಚು ಇದ್ದರೆ ಡಬ್ಬಿ ಅವನದು.

ಅಂಗಡಿಯವನಿಗೆ ಬರೆದು ಕೇಳೋಣವೆಂದರು ಸಾಹುಕಾರರು. ಅವ್ವ ತಲೆಯಾಡಿಸಿದಳು. “ಬ್ಯಾರೆದವ್ರು ಹೇಳಿದ್ದು ಬ್ಯಾಡ. ಮಲ್ಲವ್ವಾ, ನೀ ಕಣ್ಣಿಲೆ ನೋಡಿ ಬಾ. ಆ ಡಬ್ಬಿ ಎಲ್ಲಿ ಸಿಕ್ಕಿತು ಅಂತ ಕೇಳಿ ಬಾ.”

ಪಾಸ್‌ಪೋರ್ಟಿನ ಅರ್ಜಿ ತುಂಬಿಕೊಟ್ಟ ರಾಯಚೂರಿನ ಗುಮಾಸ್ತ ತಂದೆಯ ಹೆಸರು ಬರೆದುಕೊಂಡು, “ಇದ್ದಾರೇನ್ರೀ, ತೀರಿಕೊಂಡಾರೇನ್ರೀ?” ಎಂದು ಪೆನ್ನು ಎತ್ತಿ ಹಿಡಿದ.

“ಅದನ್ನ ತಿಳಕೊಳ್ಳಾಕನ ಹೊಂಟೀನ್ರೀ” ಎಂದೆ. ಅವನು ನಕ್ಕ. ನಾನು ಚೇಷ್ಟೆ ಮಾಡುತ್ತಿದ್ದೇನೆಂದುಕೊಂಡಿರಬೇಕು.

ಹಡಗು

ಮದರಾಸಿನಿಂದ ಪೆನಾಂಗಿಗೆ ಹಡಗು. ರೈಲಿನಲ್ಲಾದರೆ ಕಿಟಕಿಯಾಚೆ ಏನಾದರೂ ಹಿಂದೆ ಸರಿಯುತ್ತದೆ, ನಾವು ಮುಂದೆ ಹೋಗುತ್ತಿದ್ದೇವೆಂದು ಗೊತ್ತಾಗುತ್ತದೆ. ಹಡಗಿನಲ್ಲಿ ಬೆಳಿಗ್ಗೆ ಎದ್ದರೂ ಅದೇ ನೀರು, ಸಂಜೆಗೂ ಅದೇ ನೀರು. ಕೆಳಗಿನ ದೊಡ್ಡ ಕೋಣೆಯಲ್ಲಿ ಮಲಗುವ ಹಲಗೆಗಳು. ಸುತ್ತಲೂ ತಮಿಳು ಸಂಸಾರಗಳು. ಮದುವೆಗೆ ಬಂದು ಮರಳುವವರು, ಮಗಳ ಬಾಣಂತನಕ್ಕೆ ಹೋಗುವವರು. ಎಲ್ಲರ ಜೊತೆಗೂ ಯಾರಾದರೂ ಇದ್ದರು. ಮೊದಲ ದಿನವೇ ನನಗೆ ವಾಂತಿ ಶುರುವಾಯಿತು. ಎದುರು ಹಲಗೆಯ ಹೆಂಗಸು ನಿಂಬೆಹಣ್ಣು ಮೂಸಲು ಕೊಟ್ಟು, ಬೆನ್ನು ಸವರಿ, ತಮಿಳಿನಲ್ಲಿ ಉದ್ದಕ್ಕೂ ಏನೋ ಹೇಳಿದಳು. ನನಗೊಂದು ಮಾತೂ ತಿಳಿಯಲಿಲ್ಲ, ಆದರೂ ಅಳು ಬಂತು.

ಹಡಗಿನ ಮಂದಿಗೆ ತಮ್ಮ ಪೆಟ್ಟಿಗೆಗಳ ಮೇಲೆ ವಿಪರೀತ ಕಣ್ಣು. ಎಲ್ಲ ಪೆಟ್ಟಿಗೆಗಳೂ ಒಂದೇ ಥರ ಇದ್ದುದರಿಂದ ಒಬ್ಬರು ಕೆಂಪು ಬಟ್ಟೆ ಕಟ್ಟಿದ್ದರು, ಇನ್ನೊಬ್ಬರು ಬಣ್ಣದಲ್ಲಿ ನವಿಲು ಬರೆಸಿದ್ದರು. ನಾನು ಹಮ್ಮಿನಿಂದ ‘ಮಲ್ಲಮ್ಮ, ಮಾನ್ವಿ’ ಎಂದು ಕನ್ನಡದಲ್ಲಿ ದುಂಡಗೆ ಬರೆದಿದ್ದೆ. ಶಾಲೆಯಲ್ಲಿ ನನ್ನ ಅಕ್ಷರಕ್ಕೆ ಹೆಸರಿದೆ. ಇಡೀ ಹಡಗಿನಲ್ಲಿ ಅದನ್ನು ಓದುವವರು ನಾನೊಬ್ಬಳೇ. ಪೆನಾಂಗಿನಲ್ಲಿ ಇಳಿಯುವಾಗ ಕೂಲಿಯವರು ನವಿಲಿನ ಪೆಟ್ಟಿಗೆಯನ್ನು ಒಡತಿಗೆ ಕೂಡಲೇ ತಲುಪಿಸಿದರು. ನನ್ನದು ಯಾರದೋ ಸಂಸಾರದ ಸಾಮಾನಿನ ಜೊತೆ ಹೊರಟೇಹೋಗಿತ್ತು. ದಡದ ಮೇಲೆ ಓಡಿ ಹಿಡಿಯಬೇಕಾಯಿತು.

ಅಕ್ಷರ ಕಲಿಸಿ ಹೊಟ್ಟೆ ಹೊರೆಯುವವಳಿಗೆ ಇದೊಂದು ಒಳ್ಳೆಯ ಪಾಠ. ಕುರಿಗಾರನ ಮಗಳು ಪೆಟ್ಟಿಗೆಯ ಮೂಲೆಗೆ ಎರಡು ಕಚ್ಚು ಹಾಕಿದ್ದರೆ ಸಾಕಿತ್ತು.

ಕೋಟ ಬಾರು

ಪೆನಾಂಗಿನಿಂದ ಬಸ್ಸು ದಿನವಿಡೀ ಬೆಟ್ಟ ಹತ್ತಿ ಇಳಿಯಿತು. ಎರಡೂ ಕಡೆ ಕಾಡು. ನಮ್ಮ ಕಡೆ ಕಣ್ಣು ಹೋದಷ್ಟು ದೂರ ಕರಿಯ ಎರೆ ಹೊಲ, ಒಬ್ಬ ಮನುಷ್ಯ ಬರುತ್ತಿದ್ದರೆ ಅರ್ಧ ಗಂಟೆ ಮುಂಚೆ ಕಾಣುತ್ತಾನೆ. ಇಲ್ಲಿ ಹತ್ತು ಮಾರು ಆಚೆ ಏನಿದೆಯೋ ತಿಳಿಯದು. ಕುರಿ ಮೇಯಿಸಿದ ಕಣ್ಣಿಗೆ ಈ ಹಸಿರು ಉಸಿರು ಕಟ್ಟಿಸಿರಬೇಕು ಎಂದು ಅವ್ವನ ಗಂಡನ ಬಗ್ಗೆ ಮೊದಲ ಸಲ ಯೋಚಿಸಿದೆ. ಅಲ್ಲಿಯವರೆಗೆ ಅವನ ಬಗ್ಗೆ ನನಗಿದ್ದದ್ದು ಬರೀ ಸಿಟ್ಟು. ಯಾರೂ ಕರೆಯದೆ ಹೋದ, ಹೋದವನು ಹೇಳದೆ ಉಳಿದ.

ಕೋಟ ಬಾರುವಿನಲ್ಲಿ ನನ್ನನ್ನು ಕರೆದೊಯ್ಯಲು ಬಂದವರು ಅಪ್ಪಲನಾಯ್ಡು. ಸಾಹುಕಾರರಿಗೆ ಉರುಳೆ ತೋರಿಸಿದ ರಬ್ಬರು ವ್ಯಾಪಾರಿಯ ಹತ್ತಿರ ಲೆಕ್ಕ ಬರೆಯುವ ಮುದುಕರು. ಅವರ ತಾತ ತೆಲುಗು ನಾಡಿನಿಂದ ತೋಟದ ಕೆಲಸಕ್ಕೆ ಬಂದವರಂತೆ. ನಮ್ಮ ಗಡಿಯಲ್ಲಿ ತೆಲುಗು ಬಾರದವರು ಕಡಿಮೆ. ಅವರ ತೆಲುಗು ನನ್ನದಕ್ಕಿಂತ ನೂರು ವರ್ಷ ಹಳೆಯದು. ಹೇಗೋ ಒಬ್ಬರದೊಬ್ಬರಿಗೆ ತಿಳಿಯಿತು. ಒಂಟಿ ಹೆಂಗಸು ಇಷ್ಟು ದೂರ ಬಂದಳಲ್ಲ ಎಂದು ಅವರಿಗೆ ನನಗಿಂತ ಹೆಚ್ಚು ಗಾಬರಿ.

ಆ ಊರಿನ ಸಂತೆ ನಡೆಸುವವರು ಹೆಂಗಸರು. ಸಾಮಾನಿನ ನಡುವೆ ಎತ್ತರದ ಜಗುಲಿಯ ಮೇಲೆ ಕಾಲು ಮಡಚಿ ಕುಳಿತು, ಕೊರಳ ತುಂಬ ಬಂಗಾರ ಹಾಕಿಕೊಂಡು, ಗಂಡಸರಿಗೆ ಗದರುತ್ತಿದ್ದರು. ನನಗೆ ಇಷ್ಟವಾಯಿತು. ಎದುರಾದವರೆಲ್ಲ ಊಟವಾಯಿತೇ ಎಂದೇ ಕೇಳುವುದು, ಥೇಟ್ ನಮ್ಮ ಹಾಗೆ. ಕೈ ಮುಟ್ಟಿ ಆ ಕೈಯನ್ನು ತಮ್ಮ ಎದೆಗೆ ಒತ್ತಿಕೊಳ್ಳುತ್ತಾರೆ. ಮನೆಮನೆಯ ಮುಂದೆ ಉದ್ದನೆಯ ಕಂಬ, ಕಂಬದ ತುದಿಗೆ ಹಕ್ಕಿಯ ಪಂಜರ. ಯಾರ ಹಕ್ಕಿ ಚೆನ್ನಾಗಿ ಕೂಗುತ್ತದೆಂದು ಪಂತವಂತೆ.

ಒಂದು ಕಡೆ ಎಲೆಯಲ್ಲಿ ಅನ್ನ ಹಾಕಿಕೊಟ್ಟರು. ಅನ್ನ ನೀಲಿ! ನಮ್ಮ ಅಗಸರು ಬಿಳಿಯ ಧೋತರಕ್ಕೆ ಹಾಕುತ್ತಾರಲ್ಲ, ಅದೇ ನೀಲಿ. ನಾನು ಎಲೆ ಹಿಂದೆ ಸರಿಸಿ, ಅನ್ನಕ್ಕೆ ಬಟ್ಟೆಯ ನೀಲಿ ಬಿದ್ದಿದೆ, ಯಾರೂ ಉಣ್ಣಬೇಡಿರೆಂದು ಗಟ್ಟಿಯಾಗಿ ಹೇಳಿದೆ. ಅದು ಶಂಖಪುಷ್ಪದ ಬಣ್ಣ ಎಂದು ನಾಯ್ಡು ಬಿಡಿಸಿ ಹೇಳುವಷ್ಟರಲ್ಲಿ ಅಂಗಡಿಯವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇಂಥದ್ದನ್ನು ಹಂಚಿಕೊಂಡು ನಗಲು ಪಕ್ಕದಲ್ಲಿ ನಮ್ಮವರು ಯಾರಾದರೂ ಇರಬೇಕಿತ್ತು. ಒಬ್ಬಳೇ ನಕ್ಕೆ, ಅದು ಬೇಗ ಮುಗಿದುಹೋಯಿತು.

ದಂಡಿನ ಸಾಮಾನಿನ ಅಂಗಡಿ

ಅಂಗಡಿಯವನು ಚೀನೀ ಮುದುಕ, ಕೊರಳಿಗೆ ಭೂತಗನ್ನಡಿ ನೇತುಹಾಕಿಕೊಂಡಿದ್ದ. ಒಳಗೆ ಕಾಲಿಡಲು ಜಾಗವಿಲ್ಲ. ನೀರಿನ ಬಾಟಲಿಗಳು, ಸೊಂಟಪಟ್ಟಿಯ ಬಕ್ಕಲುಗಳು, ಹರಿದ ಬೆನ್ನುಚೀಲಗಳು, ಕಬ್ಬಿಣದ ಟೋಪಿಗಳು. ಯಾವ ಸಾಮಾನು ಯಾವ ದೇಶದ ಸಿಪಾಯಿಯದು ಎಂದು ಗುರುತು ನೋಡಿ ಹೇಳುವುದು ಅವನಿಗೊಂದು ಹುಚ್ಚು. ನಾಯ್ಡು ವಿಷಯ ತಿಳಿಸಿದ ಮೇಲೆ ಡಬ್ಬಿ ತಂದು ನನ್ನ ಮುಂದಿಟ್ಟ. ಗುರುತುಗಳನ್ನೆಲ್ಲ ತೋರಿಸಿದ ಮೇಲೆಯೇ ಕೈಗೆ ಕೊಡುವೆನೆಂದು ಸನ್ನೆ ಮಾಡಿದ.

ನನಗೆ ಬೇಕಾದದ್ದು ಅಂಚು. ಅವನು ಶುರುಮಾಡಿದ್ದು ತಳದಿಂದ. ಬಾಣದ ಗುರುತು ತೋರಿಸಿದ. ಬಾಣವಿದ್ದರೆ ಸರ್ಕಾರದ ಸ್ವತ್ತಂತೆ. ಅದರ ಜೊತೆಗಿನ ಇಂಗ್ಲಿಷಿನ ‘ಐ’ ಅಕ್ಷರ ಇಂಡಿಯಾದ್ದು. ಮಗ್ಗುಲಲ್ಲಿ ಕಾರ್ಖಾನೆಯ ಅಕ್ಷರಗಳು, ಕೆಳಗೆ ತಯಾರಾದ ವರ್ಷ. ಅದರಾಚೆ ಸಿಪಾಯಿಯ ನಂಬರು ಒತ್ತಿದ್ದ ಜಾಗ. ಅಲ್ಲಿ ತುಕ್ಕು ತಿಂದು ಎರಡು ಸೊನ್ನೆ ಮಾತ್ರ ಉಳಿದಿದ್ದವು. ಮುದುಕ ಆ ಜಾಗದ ಮೇಲೆ ಭೂತಗನ್ನಡಿ ಹಿಡಿದು ಬೇಸರದಿಂದ ತಲೆಯಾಡಿಸಿದ. ನಂಬರು ಉಳಿದಿದ್ದರೆ ಹೆಸರು ಹುಡುಕಬಹುದಿತ್ತು ಎಂದ. ಆಮೇಲೆ ಮಗ್ಗುಲು ತಿರುಗಿಸಿ ಉರ್ದು ಗೀರು ತೋರಿಸಿದ. ನೆರೆಮನೆಯವರಿಂದ ಕಲಿತ ನನ್ನ ಹರಕು ಉರ್ದುವಿಗೂ ಅದು ಓದಲು ಬಂತು. ದೇವದುರ್ಗ. ಓದು ಬಲ್ಲ ಜೊತೆಗಾರನೊಬ್ಬ ಬರೆದುಕೊಟ್ಟಿರಬೇಕು.

“ಇನ್ನು ಕೊಡಿರಿ” ಎಂದು ಕೈ ಚಾಚಿದೆ.

ಡಬ್ಬಿ ಹಗುರವಾಗಿತ್ತು. ಮಡಚಿದ ಹಿಡಿಕೆ ಬಿಡಿಸಿ, ಮೂತಿ ಮುಂದಕ್ಕೆ ಬರುವಂತೆ ಆಚೆಗೆ ತಿರುಗಿಸಿದೆ. ಬಲ ಅಂಚನ್ನು ಬೆರಳಿನಿಂದ ಸವರಿದೆ. ಒಂದು ಕಚ್ಚು. ಪಕ್ಕದಲ್ಲಿ ಇನ್ನೊಂದು. ನಾಯ್ಡು ನನ್ನ ಮುಖ ನೋಡಿ ಕುರ್ಚಿ ಎಳೆದುಕೊಟ್ಟರು. ಕೂರದೆ ಎಡ ಅಂಚನ್ನು ಸವರಿದೆ. ಅಲ್ಲಿಯೂ ಒಂದು ಕಚ್ಚಿತ್ತು. ಆಕಸ್ಮಿಕವಾಗಿ ಸೀಳಿದ್ದಲ್ಲ, ಅರದಿಂದ ಉಜ್ಜಿ ನಯವಾಗಿ ಮಾಡಿದ್ದು.

ನಮ್ಮದು ಎಡಗಿವಿ ಇಡಿಯದು. ಇದು ಬೇರೆ ಮನೆಯದು.

“ಅಲ್ಲ” ಎಂದೆ. ಡಬ್ಬಿ ಮೇಜಿನ ಮೇಲಿಟ್ಟೆ. “ನಮ್ಮವನದಲ್ಲ. ದೇವದುರ್ಗದ ಯಾವನೋ ಬೇರೆ ಕುರಿಗಾರನದು.”

ಮೊದಲು ಸಮಾಧಾನವೇ ಆಯಿತು, ಸುಳ್ಳೇಕೆ ಹೇಳಲಿ. ಅವ್ವನ ಬಳೆ ಉಳಿದವು ಎಂದುಕೊಂಡೆ. ಮರುಗಳಿಗೆ ಅದು ಸುಳ್ಳೆನಿಸಿತು. ಉಳಿದದ್ದು ಬಳೆಯಲ್ಲ, ಅದೇ ಹಳೆಯ ಅನುಮಾನ. ಮತ್ತೆ ಅದೇ ಬಾಗಿಲುಗಳು, ಅದೇ ಅರಿಷಿಣದ ತಟ್ಟೆ. ಇಷ್ಟು ನೀರು ದಾಟಿ ಬರಿಗೈಯಲ್ಲಿ ನಿಂತಿದ್ದೆ. ಆ ಕತ್ತಲೆ ಅಂಗಡಿಯಲ್ಲಿ ನನ್ನಷ್ಟು ಒಂಟಿ ಯಾರೂ ಇರಲಿಲ್ಲವೆನಿಸಿತು.

ಚೀನೀ ಮುದುಕ ನಾಯ್ಡುವಿಗೆ ಏನೋ ಹೇಳಿದ. ಡಬ್ಬಿ ಹತ್ತಿರದ ಹಳ್ಳಿಯ ಒಬ್ಬ ರೈತ ಕೊಟ್ಟದ್ದಂತೆ. “ಇಷ್ಟು ದೂರ ಬಂದಿದ್ದೀರಿ, ನಿಮ್ಮ ಊರಿನವನೇ ಅಲ್ಲವೇ, ಡಬ್ಬಿ ಎಲ್ಲಿ ಸಿಕ್ಕಿತೆಂದು ಕೇಳಿಕೊಂಡು ಹೋಗಿ” ಎಂದರು ನಾಯ್ಡು. ಬೆಲೆ ಕೇಳಿದೆ. ಮುದುಕ ಕೈ ಅಲ್ಲಾಡಿಸಿ ಡಬ್ಬಿಯನ್ನು ಕಾಗದದಲ್ಲಿ ಸುತ್ತಿಕೊಟ್ಟ. ಅದರ ಊರಿನವರು ಬಂದ ಮೇಲೆ ಅದು ಮಾರುವ ಸಾಮಾನಲ್ಲವಂತೆ.

ತೆಂಗಿನ ತೋಪು

ಹಳ್ಳಿ ಸಮುದ್ರಕ್ಕೆ ಹತ್ತಿರ. ಕಂಬಗಳ ಮೇಲೆ ನಿಂತ ಮರದ ಮನೆಗಳು. ಮೆಟ್ಟಿಲ ಬುಡದಲ್ಲಿ ನೀರಿನ ಗುಡಾಣ. ಕಾಲು ತೊಳೆದು ಹತ್ತಬೇಕು. ಇದೂ ನಮ್ಮ ಹಾಗೆಯೇ. ರೈತ ನಾಯ್ಡುವಿಗಿಂತ ಹಿರಿಯ, ಹಲ್ಲಿಲ್ಲದ ಮಲಯ ಮುದುಕ. ಡಬ್ಬಿ ಕಂಡ ಕೂಡಲೇ ಗುರುತಿಸಿದ. ತೀರಿಹೋದ ಹೆಂಡತಿ ಅದರಲ್ಲಿ ಬಹಳ ವರ್ಷ ಅಕ್ಕಿ ಅಳೆಯುತ್ತಿದ್ದಳಂತೆ. ಅವಳು ಹೋದ ಮೇಲೆ ಕಣ್ಣೆದುರು ಇಟ್ಟುಕೊಳ್ಳಲಾರದೆ ಅಂಗಡಿಗೆ ಕೊಟ್ಟ.

ಅವನು ಹೇಳಿದ್ದನ್ನು ನಾಯ್ಡು ಒಂದೊಂದೇ ಮಾತಾಗಿ ತೆಲುಗಿಗೆ ತಂದರು. ಯುದ್ಧ ಮುಗಿದ ಮೇಲೆ ತೆಂಗಿನ ಸಸಿ ನೆಡಲು ಉಸುಕು ಅಗೆದಾಗ ಎಲುಬು ಸಿಕ್ಕಿದವು. ಒಬ್ಬನೇ ಮನುಷ್ಯ. ಸೊಂಟದ ಬಕ್ಕಲು, ಎದೆಯ ಹತ್ತಿರ ಈ ಡಬ್ಬಿ. ತಮ್ಮ ಮತದವನೋ ಅಲ್ಲವೋ ತಿಳಿಯಲಿಲ್ಲ. ಊರಿನವರು ಸೇರಿ, ಯಾವ ಮತದವನಾದರೂ ತಾಯಿ ಇದ್ದವನೇ ಎಂದು, ಆಳವಾಗಿ ಮಣ್ಣು ಮಾಡಿದರು. ತಮ್ಮವರ ಗೋರಿಗೆ ಇಡುವಂತೆ ಕಲ್ಲು ಇಡಲಿಲ್ಲ, ತಪ್ಪಾದೀತೆಂದು. ಬದಲಿಗೆ ಒಂದು ಹೂವಿನ ಗಿಡ ನೆಟ್ಟರು.

ಆ ಗಿಡ ಈಗ ನನಗಿಂತ ಎರಡಾಳು ಎತ್ತರ. ಬಿಳಿ ಹೂವು ನೆಲದ ತುಂಬ. ನಮ್ಮ ಗುಡಿಗಳ ಹಿಂದೆ ಇರುವ ದೇವಕಣಗಿಲೆ ಎಂದು ಹತ್ತಿರ ಹೋದಾಗ ತಿಳಿಯಿತು. ನಾನು ಕೆಳಗೆ ಕುಳಿತೆ. ಯಾರ ಮಗನೋ, ದೇವದುರ್ಗದ ಯಾವ ಓಣಿಯವನೋ! ಇವನನ್ನೂ ಅಲ್ಲಿ ಯಾವಳೋ ಕಾಯುತ್ತಿರಬಹುದು, ಅಥವಾ ಕಾದು ಸತ್ತಿರಬಹುದು. ಗುಡಾಣದ ನೀರು ತಂದು ಬುಡಕ್ಕೆ ಹೊಯ್ದೆ. ಚೀಲದಲ್ಲಿ ಅವ್ವ ಬಡಿದುಕೊಟ್ಟ ಖಡಕ್ ರೊಟ್ಟಿ ಒಂದು ಉಳಿದಿತ್ತು. ಜೋಳದ ರೊಟ್ಟಿ ಕಾಣದೆ ನಲವತ್ತು ವರ್ಷವಾಗಿದೆ ಇವನಿಗೆ ಎಂದುಕೊಂಡು ಮುರಿದು ಅಲ್ಲಿಟ್ಟೆ. ಅವನ ಮನೆಯವರು ಯಾರೂ ಇಲ್ಲದ್ದಕ್ಕೆ ನಾನೇ ಎರಡು ಹನಿ ಅತ್ತೆ.

ಡಬ್ಬಿಯನ್ನು ದೇವದುರ್ಗಕ್ಕೆ ಒಯ್ಯಬೇಕೆಂದೇ ಇದ್ದೆ. ಅಲ್ಲಿ ಕುಳಿತಾಗ ಮನಸ್ಸು ಬದಲಾಯಿತು. ಕಚ್ಚಿನ ಗುರುತು ನನ್ನ ತಲೆಯಲ್ಲಿದೆ, ಬರೆದು ತೋರಿಸಿ ಯಾರ ಮನೆಯದೆಂದು ಕೇಳಬಹುದು. ಅದಕ್ಕೆ ಡಬ್ಬಿ ಬೇಕಿಲ್ಲ. ಈ ಮನುಷ್ಯನಿಗೆ ಮಾತ್ರ ಇದೊಂದೇ ಗುರುತು. ಇದನ್ನೂ ಒಯ್ದರೆ ಅವನ ಹತ್ತಿರ ಏನು ಉಳಿಯಿತು? ರೈತ ಒಪ್ಪಿದ. ಅವನೇ ಹಾರೆ ತಂದು ಅಗೆದ. ಬಾಯಿ ಕೆಳಗೆ ಮಾಡಿ ಡಬ್ಬಿಯನ್ನು ಇಟ್ಟು ಮಣ್ಣು ಮುಚ್ಚಿದೆವು. ಹೊರಡುವಾಗ ಅವನು ನನ್ನ ಕೈ ಮುಟ್ಟಿ ಎದೆಗೊತ್ತಿಕೊಂಡು ಒಂದು ಮಾತು ಕೇಳಿದ. ನಾಯ್ಡು ಹೇಳಿದರು: “ಸತ್ತವನು ನಿಮಗೆ ಏನಾಗಬೇಕು ಎನ್ನುತ್ತಾನೆ.”

“ಏನೂ ಇಲ್ಲ, ನಮ್ಮ ಕಡೆಯವನು ಅಷ್ಟೇ” ಎಂದೆ.

ಮತ್ತೆ ಮಾನ್ವಿ

ಬಸ್ಸಿನಿಂದ ಇಳಿದು ಮನೆಗೆ ಬಂದಾಗ ಅವ್ವ ಹೊಸ್ತಿಲಲ್ಲೇ ಕುಳಿತಿದ್ದಳು. ಕಾಲಿಗೆ ನೀರು ಕೊಟ್ಟಳು. ನಾನೇ ಹೇಳಿದೆ. “ಅವ್ವಾ, ಅದು ನಮ್ಮದಲ್ಲ. ಬ್ಯಾರೆ ಮನಿದು.”

“ಹೌದಾ” ಎಂದಳು. ಬಾಗಿಲ ಚೌಕಟ್ಟು ಹಿಡಿದು ನಿಧಾನವಾಗಿ ಎದ್ದು ಒಲೆಯ ಮುಂದೆ ಹೋಗಿ ಕುಳಿತಳು.

ಊಟವಾದ ಮೇಲೆ ಎಲ್ಲ ವಿವರವಾಗಿ ಹೇಳಿದೆ. ಹಡಗು, ನೀಲಿ ಅನ್ನ, ಮುದುಕರು, ತೆಂಗಿನ ತೋಪಿನ ಎಲುಬು, ಹೂವಿನ ಗಿಡ. ಅವ್ವ ಪಾಪ ಪಾಪ ಎನ್ನುತ್ತ ಕೇಳಿದಳು. “ಯಾರ ಮನೀದು ಅಂತ ನೀನರೆ ಗುರುತು ಹಿಡೀತಿ, ನೋಡು. ಅವರ ಮನಿಗಿ ಸುದ್ದಿ ಮುಟ್ಟಿಸಬೇಕು” ಎಂದು ನಾನು ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಡಬ್ಬಿಯ ಬಾಯಿ ಬರೆದೆ. ಹಿಡಿಕೆ ಬರೆದೆ. ಬಲಕ್ಕೆ ಎರಡು ಕಚ್ಚು, ಎಡಕ್ಕೆ ಒಂದು.

ಅವ್ವ ಬಾಗಿ ನೋಡಿದಳು. ನೋಡುತ್ತಲೇ ಇದ್ದಳು.

“ಎಡಕ್ಕ ಒಂದು ಇತ್ತೇನು? ಖರೇನ?”

“ಖರೇನ. ನಾ ಮುಟ್ಟಿ ನೋಡೀನಿ. ಅರ ತಿಕ್ಕಿ ನುಣ್ಣಗ ಮಾಡ್ಯಾನ.”

ಅವ್ವ ಎಡಗಡೆಯ ಗೆರೆಯ ಮೇಲೆ ಬೆರಳಿಟ್ಟಳು. “ಇದು ನಿಂದವ್ವಾ.”

ನನಗೆ ತಿಳಿಯಲಿಲ್ಲ.

“ಅವರ ಮನ್ಯಾಗ ಕೂಸು ಹುಟ್ಟಿದ್ರ ಅದರ ಹೆಸರಿಲೆ ಒಂದು ಮರಿ ತಗದಿಡ್ತಾರ. ಗಂಡು ಹುಟ್ಟಿದ್ರ ಬಲಗಿವಿಗಿ ಮೂರನೇ ಕಚ್ಚು. ಹೆಣ್ಣು ಹುಟ್ಟಿದ್ರ ಎಡಗಿವಿಗಿ ಒಂದು. ನೀ ಹುಟ್ಟಿದಾಗ ನಾನೂ ಒಂದು ಹೆಣ್ಣುಮರಿಗಿ ಹಾಕಸಿದ್ದೆ. ಮರುವರ್ಷ ರೋಗ ಬಂದು ಕುರಿ ಎಲ್ಲಾ ಹೋದ್ವು, ಅದೂ ಹೋತು. ಇಲ್ಲದ ಮರಿ ಮಾತು ನಿನಗ್ಯಾಕ ಹೇಳಬೇಕು ಅಂತ ಬಿಟ್ಟೆ.” ಉಸಿರು ತೆಗೆದುಕೊಂಡಳು. “ಅವರು ಹಡಗ ಹತ್ತೋ ಮೊದಲ ಅವರದ ಪಲ್ಟನ್ನಿನ ಗಬ್ಬೂರಿನ ಒಬ್ಬ ಸಿಪಾಯಿ ರಜಾಕ್ಕ ಬಂದಿದ್ದ. ಹೆಣ್ಣು ಹುಟ್ಯಾದ ಅಂತ ಹೇಳ್ರಿ ಅಂತ ಅವನ ಕೈಲಿ ಹೇಳಿ ಕಳಸಿದ್ದೆ. ಅವನೂ ತಿರುಗಿ ಬರಲಿಲ್ಲ. ಮಾತು ಮುಟ್ಟಿತೋ ಇಲ್ಲೋ ಇವತ್ತಿನ ತನಕ ನನಗ ಗೊತ್ತಿರಲಿಲ್ಲ.”

ನಾನು ನೆಲದ ಮೇಲಿನ ಆ ಮೂರು ಗೆರೆಗಳನ್ನೇ ನೋಡಿದೆ. ಯಾರೂ ಇಲ್ಲದ ದೇಶದಲ್ಲಿ, ಯುದ್ಧ ಬರುವ ಮುಂಚಿನ ಯಾವುದೋ ಒಂದು ಸಂಜೆ, ಒಬ್ಬ ಮನುಷ್ಯ ಅರ ಹಿಡಿದು ಕುಳಿತು ಡಬ್ಬಿಯ ಎಡ ಅಂಚನ್ನು ಉಜ್ಜಿದ್ದ. ಮಗಳು ಹುಟ್ಟಿದಳೆಂದು. ಆ ಡಬ್ಬಿಯಲ್ಲಿ ಅವನು ದಿನಾ ಉಂಡಿದ್ದ. ಅದು ನನ್ನ ಕೈಯಲ್ಲಿತ್ತು, ಬೇರೆಯವನದೆಂದು ಹೇಳಿ ಮಣ್ಣಿಗೆ ಹಾಕಿ ಬಂದಿದ್ದೆ. ನಿಮಗೆ ಏನಾಗಬೇಕೆಂದು ಕೇಳಿದ್ದಕ್ಕೆ ಏನೂ ಇಲ್ಲ ಎಂದಿದ್ದೆ.

“ಅದನ್ನ ಬಿಟ್ಟು ಬಂದೆನಲ್ಲವ್ವಾ! ತಿರುಗಿ ಹೋಗ್ತೀನಿ, ತರ್ತೀನಿ.”

“ಹುಚ್ಚಿ, ಯಾಕ ತರ್ತಿ?” ಅವ್ವ ನನ್ನ ತಲೆ ತನ್ನ ಮಡಿಲಿಗೆ ಎಳೆದುಕೊಂಡಳು. “ನಿನ್ನ ಮರಿ ಅವನ ಹತ್ರ ಅದ. ಇರಲಿ ಬಿಡು.”

ಮರುದಿನ ಬೆಳಿಗ್ಗೆ ಮೂರು ಮನೆ ಆಚೆಯ ಬಸಮ್ಮ ಬಂದಳು. ಮಗಳ ಮದುವೆ, ಉಡಿ ತುಂಬಲು ಮುತ್ತೈದೆಯರನ್ನು ಕರೆಯುತ್ತಿದ್ದಳು. ಬಾಗಿಲ ಹೊರಗೆ ನಿಂತು ಎಂದಿನಂತೆ ಒಂದು ಗಳಿಗೆ ಅನುಮಾನಿಸಿದಳು. ಒಳಗಿನಿಂದ ಅವ್ವನ ದನಿ ಬಂತು.

“ನಾ ಬರಂಗಿಲ್ಲ ತಂಗಿ. ನನ್ನ ಗಂಡ ತೀರಿಕೊಂಡಾನ.”

ಬಸಮ್ಮ ಕೈಯಲ್ಲಿದ್ದ ಕುಂಕುಮದ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. “ಅಯ್ಯ ಶಿವನ! ಯಾವಾಗಬೇ ಯವ್ವಾ?”

“ಮಲ್ಲವ್ವ ಮಣ್ಣು ನೋಡಿ ಬಂದಾಳ. ನಿನ್ನಿ ಸುದ್ದಿ ಮುಟ್ಟಿತು.”

ಬಸಮ್ಮ ಮದುವೆಯ ಕರೆ ಅಲ್ಲಿಗೇ ಬಿಟ್ಟು ಓಣಿಯಲ್ಲಿ ಹೇಳಲು ಹೋದಳು. ಮಧ್ಯಾಹ್ನದೊಳಗೆ ನಮ್ಮ ಪಡಸಾಲೆ ಹೆಂಗಸರಿಂದ ತುಂಬಿತು. ನಲವತ್ತು ವರ್ಷದ ಹಿಂದಿನ ಸಾವೆಂದು ಯಾರೂ ಲೆಕ್ಕ ಹಾಕಲಿಲ್ಲ. ನಿನ್ನೆ ಸುದ್ದಿ ಬಂದ ಮನೆಗೆ ಹೇಗೆ ಬರಬೇಕೋ ಹಾಗೆ ಬಂದರು, ಅವ್ವನ ಸುತ್ತ ಕುಳಿತು ಹಾಡಿಕೊಂಡು ಅತ್ತರು. ಬಸಮ್ಮ ನನ್ನ ಪಕ್ಕಕ್ಕೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

“ನಿಮ್ಮಪ್ಪ ಹೋದನಲ್ಲವ್ವಾ” ಎಂದಳು.

ಹೀಗೆ ನನಗೆ ಯಾರೂ ಅಂದಿರಲಿಲ್ಲ. ಹೌದು, ಹೋದ ಎಂದೆ. ಆಮೇಲೆ ನಾನೂ ಎಲ್ಲರ ನಡುವೆ ಕುಳಿತು ಅಪ್ಪನಿಗಾಗಿ ಅತ್ತೆ.